ನಲ್ಲಿ ತಿಕ್ಕುವ ಪೀಪಾಯಿಗೆ ಚಿನ್ನದ ಪದಕ

ದೇವರು ಮನುಷ್ಯನಿಗೆ ಮೂಗು ಕೊಟ್ಟಿರುವುದು ಉಸಿರಾಡಲಿಕ್ಕೆ ಮತ್ತು ಕನ್ನಡಕ ಕೂರಿಸಿಕೊಳ್ಳಲಿಕ್ಕೆ ಎಂದು ನಾವು ನೀವೆಲ್ಲ ತಿಳಿದುಕೊಂಡಿದ್ದೇವೆ. ಮೂಗುರಾಯರ ಅಭಿಪ್ರಾಯ ಬೇರೆ. ಉಳಿದವರ ಮೂಗಿಗೆ ಅಷ್ಟು ಕೆಲಸ ಸಾಕು, ತಮ್ಮ ಮೂಗು ಮಾತ್ರ ವೈನಿಗೆಂದೇ ಹುಟ್ಟಿದ್ದು ಎಂದು ಅವರು ಬಲವಾಗಿ ನಂಬಿದ್ದರು. ಲೋಟ ಕೈಗೆ ಬಂದರೆ ಸಾಕು, ಕಣ್ಣು ಮುಚ್ಚಿ, ಮೂಗನ್ನು ಅದರೊಳಗೆ ಇಳಿಬಿಟ್ಟು, "ಒಣಹುಲ್ಲು... ಹಳೇ ಚರ್ಮದ ಚೀಲ... ಆಮೇಲೆ ದೂರದಲ್ಲಿ ಎಲ್ಲೋ ಒಂದು ಅಂಜೂರ" ಎನ್ನುವರು. ಅಂಜೂರ ಯಾವಾಗಲೂ ದೂರದಲ್ಲೇ ಇರುತ್ತಿತ್ತು. ಹೀಗಾಗಿ ಬೀದಿ ಅವರ ನಿಜವಾದ ಹೆಸರನ್ನು ಎಂದೋ ಮರೆತಿತ್ತು; ಅಂಚೆಯವನು ಕೂಡ ಬಾಗಿಲಲ್ಲಿ ನಿಂತು ಮೂಗುರಾಯರೇ ಎಂದೇ ಕೂಗುತ್ತಿದ್ದ.

ಬೀದಿಯೆಂದರೆ ಗುಡ್ಡದ ಇಳಿಜಾರಿನಲ್ಲಿ ಹತ್ತಿಹೋಗುವ ಕಲ್ಲುಹಾಸಿನ ಬೀದಿ. ಪ್ರತಿ ಮನೆಯ ಹಿಂದೆ ಒಂದಿಷ್ಟು ದ್ರಾಕ್ಷಿ ಬಳ್ಳಿ, ಪ್ರತಿ ಮನೆಯ ಕೆಳಗೆ ಒಂದು ನೆಲಮಾಳಿಗೆ, ಅದರಲ್ಲಿ ಸಾಲು ಪೀಪಾಯಿ. ವರ್ಷಕ್ಕೊಮ್ಮೆ ಕೆಳಗಿನ ಬಾಟ್ಲಿಂಗ್ ಕಾರ್ಖಾನೆಯ ಟ್ಯಾಂಕರ್ ಬಂದು, ಎಲ್ಲರ ವೈನನ್ನೂ ಒಂದೇ ಕೊಳವೆಯಲ್ಲಿ ಹೀರಿಕೊಂಡು, ತನ್ನದೇ ಹೆಸರಿನಲ್ಲಿ ಮಾರುತ್ತಿತ್ತು. ಮೂಗುರಾಯರಿಗೆ ಇದು ಹೊಟ್ಟೆಯಲ್ಲಿ ಬೆಂಕಿ. ಸಾಯುವುದರೊಳಗೆ ತಮ್ಮ ಹೆಸರಿರುವ ಒಂದೇ ಒಂದು ಬಾಟಲಿ ಕಡಲು ದಾಟಬೇಕು ಎಂಬುದು ಅವರ ಆಸೆ. ಅವರ ಹೆಂಡತಿಗೆ ಕಡಲಿನ ಮೇಲೆ ಕೋಪವೇನೂ ಇರಲಿಲ್ಲ, ಆದರೆ ಕಾದು ಕಾದು ಸಾಕಾಗಿತ್ತು.

"ನೋಡಿ, ಈ ವರ್ಷ ಕೊನೆ," ಎಂದಿದ್ದಳು ಆಕೆ. "ಈ ಸಲಾನೂ ಟ್ಯಾಂಕರಿಗೇ ಸುರಿಯೋದಾದ್ರೆ ಬಳ್ಳಿ ಕೀಳಿಸಿ ಆ ಜಾಗಾನ ಟೈಲ್ಸ್ ಗೋಡೌನಿನವರಿಗೆ ಬಾಡಿಗೆಗೆ ಕೊಟ್ಟುಬಿಡ್ತೀನಿ. ಅವರು ಎರಡು ಸಲ ಬಂದು ಅಳತೆ ತಗೊಂಡು ಹೋಗಿದಾರೆ."

ಆ ಬೀದಿಯಲ್ಲಿ ಒಂದು ರೂಢಿಯಿತ್ತು. ಯಾರೂ ಯಾರ ಮನೆಗೂ ಕೈ ಬೀಸಿಕೊಂಡು ಹೋಗುವಂತಿಲ್ಲ. ಹೊಸ ಫ್ರಿಜ್ಜು ಬಂದರೂ, ಕಾಲು ಉಳುಕಿದರೂ, ಜಗಳವಾಡಿ ರಾಜಿಯಾದರೂ, ಕಂಕುಳಲ್ಲಿ ತಮ್ಮ ಮನೆಯ ವೈನಿನ ಒಂದು ಬಾಟಲಿ ಇರಲೇಬೇಕು. "ವಿಶೇಷವಾಗಿ ನಿಮಗೇ ಅಂತ ಎತ್ತಿಟ್ಟಿದ್ದು" ಎಂದು ಕೊಡಬೇಕು. ತಗೊಂಡವರು "ಅಯ್ಯೋ, ಇದೆಲ್ಲ ಯಾಕೆ" ಎನ್ನಬೇಕು. ಆದರೆ ಇನ್ನೊಬ್ಬರ ವೈನನ್ನು ಬಿಚ್ಚಿ ಕುಡಿದರೆ ತಮ್ಮದು ಕಡಿಮೆ ಎಂದು ಒಪ್ಪಿಕೊಂಡಂತೆ. ಮೂಗುರಾಯರಂತೂ ಅಂಥ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, ಮೂಗು ಮುರಿದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬರುವರು. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತಿತ್ತೆಂದು ಅವರು ಒಂದು ದಿನವೂ ಕೇಳಿದವರಲ್ಲ.

ಹೀಗಿರುವಾಗ ರಫ್ತು ಕಚೇರಿಯ ಅಧಿಕಾರಿ ವೈನ್ ಸ್ಪರ್ಧೆಯೊಂದರ ಸುದ್ದಿ ತಂದರು. ಸದಾ ಕಂಕುಳಲ್ಲಿ ಫೈಲು ಇಟ್ಟುಕೊಂಡೇ ಓಡಾಡುವ, ಗಾಬರಿ ಸ್ವಭಾವದ, ಒಳ್ಳೆಯ ಮನುಷ್ಯ.

"ಬಾಟಲಿಗೆ ಬಟ್ಟೆ ಸುತ್ತಿಡ್ತಾರೆ, ರಾಯರೇ. ತೀರ್ಪುಗಾರರಿಗೆ ಯಾರದು ಅಂತ ಗೊತ್ತಾಗಲ್ಲ. ದೊಡ್ಡ ಕಾರ್ಖಾನೆಯವರೂ ಒಂದೇ, ನೀವೂ ಒಂದೇ. ಪದಕ ಬಂದ್ರೆ ಅದರ ಗುಂಡನೆ ಚೀಟಿ ಬಾಟಲಿ ಮೇಲೆ ಅಂಟಿಸಬಹುದು. ಹೊರದೇಶದ ವ್ಯಾಪಾರಿಗಳು ನಿಮ್ಮ ಬೀದಿ ಹುಡುಕಿಕೊಂಡು ಬರಲ್ಲ. ಯಾರಿಗೆ ಪದಕ ಬಂತು ಅಂತ ನೋಡ್ತಾರೆ, ಅವರಿಗೆ ಫೋನ್ ಮಾಡ್ತಾರೆ."

"ಅಂದ್ರೆ ತೀರ್ಪುಗಾರರು ಬರೀ ಮೂಗನ್ನೇ ನಂಬಬೇಕು," ಎಂದರು ಮೂಗುರಾಯರು.

"ನಾಲಿಗೆ ಕೂಡ."

"ನಾಲಿಗೆ ಬಿಡಿ," ಎಂದುಬಿಟ್ಟರು ಮೂಗುರಾಯರು. ಅಂದಿನಿಂದ ಬೀದಿಯಲ್ಲಿ ಅವರ ನಡಿಗೆಯೇ ಬದಲಾಯಿತು.

ಸ್ಪರ್ಧೆಗೆ ಬಾಟಲಿ ತುಂಬುವ ದಿನ ಬಂತು, ಅದರ ಜೊತೆಗೆ ನೆಗಡಿಯೂ ಬಂತು. ಸಾಮಾನ್ಯ ನೆಗಡಿಯಲ್ಲ, ಮೂಗಿನ ಎರಡೂ ಬಾಗಿಲಿಗೆ ಅಗಳಿ ಹಾಕಿ ಒಳಗೆ ಕೂತಂಥ ನೆಗಡಿ. ಮೂಗುರಾಯರು ಅದನ್ನು ಒಪ್ಪಿಕೊಳ್ಳುವುದುಂಟೇ? ಸೈನ್ಯದ ದಂಡನಾಯಕ ಯುದ್ಧದ ಬೆಳಿಗ್ಗೆ ಕಾಲುನೋವು ಎನ್ನುವುದುಂಟೇ? ಅವರು ಕರವಸ್ತ್ರವನ್ನು ತೋಳಿನೊಳಗೆ ತುರುಕಿಕೊಂಡು ನೆಲಮಾಳಿಗೆಗೆ ಇಳಿದರು. ಹಿಂದಿನ ವಾರವಷ್ಟೇ ಹೆಂಡತಿ ಗೋಡೆಗೆ ಸುಣ್ಣ ಹೊಡೆಸಿದ್ದಳು. ಸುಣ್ಣದವರು ಪೀಪಾಯಿಗಳನ್ನೆಲ್ಲ ಹೊರಗಿಟ್ಟು, ಆಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿ ಉರುಳಿಸಿ ಹೋಗಿದ್ದರು. ಮೂಗುರಾಯರಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ: ಬಾಗಿಲಿನಿಂದ ಮೂರನೆಯದು ತಮ್ಮ ಹೆಮ್ಮೆಯ ಪೀಪಾಯಿ. ಮೂರನೆಯದರ ಬಿರಡೆ ತೆಗೆದು, ಲೋಟಕ್ಕೆ ಬಿಟ್ಟುಕೊಂಡು, ಮೂಗನ್ನು ಇಳಿಬಿಟ್ಟರು.

"ಏನಾದರೂ ವಾಸನೆ ಬರ್ತಿದೆಯೇನ್ರೀ?" ಎಂದು ಮೇಲಿನಿಂದ ಹೆಂಡತಿ ಕೇಳಿದಳು.

"ಅಂಜೂರ. ಈ ಸಲ ಹತ್ತಿರದಲ್ಲೇ ಇದೆ."

"ಹಾಲು ಸೀದು ಹೋಗಿದೆ. ಮನೆಯೆಲ್ಲ ಹೊಗೆ."

ಅವರಿಗೆ ಅದು ಕೇಳಿಸಲಿಲ್ಲ, ನೆಗಡಿ ಕಿವಿಗೂ ಇಳಿದಿತ್ತು. ಬಾಟಲಿಗಳನ್ನು ತುಂಬಿಸಿ, ಒಂದನ್ನು ನೆನಪಿಗೆಂದು ಎತ್ತಿಟ್ಟು, ಉಳಿದದ್ದನ್ನು ಹುಲ್ಲಿನಲ್ಲಿ ಸುತ್ತಿ ಸ್ಪರ್ಧೆಗೆ ಕಳಿಸಿಬಿಟ್ಟರು.

ಕೆಲವು ವಾರ ಕಳೆದು ಫೋನ್ ಬಂತು. ಮೂಗುರಾಯರು ರಿಸೀವರ್ ಹಿಡಿದು ಹೂಂ ಎಂದರು, ಮತ್ತೆ ಹೂಂ ಎಂದರು, ಆಮೇಲೆ ಅದನ್ನು ಹೆಂಡತಿಯ ಕೈಗೆ ಕೊಟ್ಟು ಕುರ್ಚಿ ಇಲ್ಲದ ಕಡೆ ಕೂರಲು ಹೋಗಿ ನೆಲದ ಮೇಲೆ ಕೂತರು. ಚಿನ್ನದ ಪದಕ. ಕಾರ್ಖಾನೆಯವರಿಗೆ ಕಂಚೂ ಇಲ್ಲ.

ಸುದ್ದಿ ಬೀದಿಯ ತುದಿ ಮುಟ್ಟಲು ಎಷ್ಟು ಹೊತ್ತು? ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಕಂಕುಳಲ್ಲಿ ಬಾಟಲಿಯಿತ್ತು, ಮುಖದಲ್ಲಿ ಸಂತೋಷವಿರಲಿಲ್ಲ.

"ವಿಶೇಷವಾಗಿ ನಿಮಗೇ ಅಂತ ಎತ್ತಿಟ್ಟಿದ್ದು, ರಾಯರೇ. ಒಂದು ಮಾತು ಕೇಳಲಾ? ತೀರ್ಪುಗಾರರಿಗೇನಾದರೂ ನೆಗಡಿಯಾಗಿತ್ತಾ?"

ಮೇಷ್ಟ್ರು ಸತ್ಯದ ಬಾಗಿಲನ್ನೇ ತಟ್ಟಿದ್ದರು, ಮನೆ ಮಾತ್ರ ತಪ್ಪಿತ್ತು. ಅವರ ಹಿಂದೆಯೇ ಮೂಗುರಾಯರ ಷಡ್ಡಕ ಬಂದ, ಅಂದರೆ ಹೆಂಡತಿಯ ತಂಗಿಯ ಗಂಡ. ಬೀದಿಯ ಮೇಲ್ತುದಿಯಲ್ಲಿ ಮನೆ. ಮೂಗುರಾಯರು ಏನು ಮಾಡಿದರೂ ಅದನ್ನೇ ಒಂದು ಅಳತೆ ದೊಡ್ಡದಾಗಿ ಮಾಡುವುದು ಅವನ ಜೀವನದ ಗುರಿ. "ಭಾವ, ನಾನು ಕಳಿಸಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ," ಎಂದು ಬಾಟಲಿ ಕೊಟ್ಟ. ಎರಡು ಬಾಟಲಿಯೂ ಅಡುಗೆಮನೆಯ ಕಟ್ಟೆಗೆ ಹೋದವು. ಮೂಗುರಾಯರು ಬಂದವರಿಗೆಲ್ಲ ತಮ್ಮ ಅಜ್ಜ, ತೆಂಕಣ ಇಳಿಜಾರಿನ ಬಿಸಿಲು, ಆ ಮಣ್ಣಿನ ಗುಟ್ಟು, ಎಲ್ಲವನ್ನೂ ಬಣ್ಣಿಸಿದರು. ಅಜ್ಜ ಬದುಕಿದ್ದಾಗ ಗಡಿಯಾರ ರಿಪೇರಿ ಮಾಡುತ್ತಿದ್ದ.

ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಎತ್ತಿಟ್ಟ ಬಾಟಲಿಯನ್ನು ಬಿಚ್ಚಿದರು. ಅಷ್ಟರಲ್ಲಿ ಮೂಗು ಬಿಟ್ಟಿತ್ತು. ಮೂಗುರಾಯರು ಒಂದು ಗುಟುಕು ಕುಡಿದರು. ಒಣಹುಲ್ಲಿಲ್ಲ, ಚರ್ಮದ ಚೀಲವಿಲ್ಲ, ಅಂಜೂರದ ಸುಳಿವೇ ಇಲ್ಲ; ಹುಟ್ಟಿದಾರಭ್ಯ ಇಂಥ ವೈನು ಅವರು ಕುಡಿದಿರಲಿಲ್ಲ. ಎರಡನೇ ಗುಟುಕಿಗೆ ಅವರಿಗೆ ಹೊಳೆಯಿತು. ಇದು ತಮ್ಮದಲ್ಲ.

ಅದೇ ಸಮಯಕ್ಕೆ ನೆಲಮಾಳಿಗೆಯ ಮೆಟ್ಟಿಲು ಹತ್ತಿಕೊಂಡು ಅವರ ಅತ್ತೆ ಬಂದರು. ಮಗಳ ಮನೆಯಲ್ಲೇ ಇರುವ ಈ ಮುದುಕಿಗೆ ಪ್ರಪಂಚದಲ್ಲಿ ಎರಡೇ ಕಾಳಜಿ: ಯಾವುದೂ ವ್ಯರ್ಥವಾಗಬಾರದು, ಹಿತ್ತಾಳೆ ನಲ್ಲಿಗಳು ಹೊಳೆಯುತ್ತಿರಬೇಕು. ಕೈಯಲ್ಲಿ ತಿಕ್ಕುವ ಬಟ್ಟೆಯಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು.

"ಅಳಿಯಂದಿರೇ, ನಮ್ಮನೇಲಿ ಕಳ್ಳರಿದಾರೆ. ನನ್ನ ಪೀಪಾಯಿ ಕಡಿಮೆಯಾಗಿದೆ."

"ನಿಮ್ಮ ಪೀಪಾಯಿ?"

"ನಲ್ಲಿ ತಿಕ್ಕೋ ಪೀಪಾಯಿ. ಬಂದವರು ತಂದ ಬಾಟಲಿ, ಬಿಚ್ಚಿ ಉಳಿದದ್ದು, ಎಲ್ಲಾ ಅದಕ್ಕೇ ಸುರಿದಿಡ್ತೀನಿ. ಚೆಲ್ಲೋಕೆ ಮನಸ್ಸಾಗುತ್ತಾ? ಹುಳಿಯಾದ್ರೆ ಹಿತ್ತಾಳೆಗೆ ಒಳ್ಳೇದು. ವರ್ಷಗಟ್ಟಲೆ ಕಾಯ್ತಾ ಇದೀನಿ, ದರಿದ್ರದ್ದು ಹುಳಿಯಾಗ್ತಾನೇ ಇಲ್ಲ. ದಿನ ದಿನಕ್ಕೆ ಸಿಹಿ ಮಾಡ್ಕೊಂಡು ಕೂತಿದೆ. ಸುಣ್ಣದವರು ಬೇರೆ ಅದನ್ನ ಬಾಗಿಲ ಹತ್ತಿರ ತಂದಿಟ್ಟಿದಾರೆ, ಮೂರನೇದಾಗಿ."

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಲೋಟದ ತಳ ನೋಡಿದರು.

"ಯಾರಿಗೂ ಹೇಳಬೇಡ," ಎಂದರು ಕೊನೆಗೆ.

ಯಾರಿಗೂ ಹೇಳದೆ ಮುಗಿಯುತ್ತಿತ್ತೇನೋ. ಆದರೆ ಪದಕದ ಸುದ್ದಿ ಕಡಲು ದಾಟಿಬಿಟ್ಟಿತ್ತು. ಮುಂದಿನ ವಾರವೇ ಅಧಿಕಾರಿ ಕಡಲಾಚೆಯ ವ್ಯಾಪಾರಿಯೊಬ್ಬಳನ್ನು ಕರೆತಂದರು. ಚಪ್ಪಟೆ ಬೂಟು, ಬಿಗಿದು ಕಟ್ಟಿದ ಕೂದಲು, ಮಾತು ಬಹಳ ಕಡಿಮೆ. ಆಕೆಯ ಮಾತನ್ನು ಅಧಿಕಾರಿ ನಮ್ಮ ಮಾತಿಗೆ ತಂದು ಹೇಳುತ್ತಿದ್ದರು. ಆಕೆ ಸ್ಪರ್ಧೆಯಲ್ಲೇ ಆ ವೈನು ಕುಡಿದಿದ್ದಳಂತೆ. ಇಪ್ಪತ್ತು ಪೀಪಾಯಿ ಬೇಕಂತೆ, ಪ್ರತಿ ವರ್ಷ.

"ದ್ರಾಕ್ಷಿ ಯಾವ ಇಳಿಜಾರಿನದು ಅಂತ ಕೇಳ್ತಿದಾರೆ," ಎಂದರು ಅಧಿಕಾರಿ.

ಮೂಗುರಾಯರು ಕೈ ಎತ್ತಿ ಯಾವುದೋ ಒಂದು ದಿಕ್ಕನ್ನು ತೋರಿಸಿದರು. ಅಲ್ಲಿ ಪೋಸ್ಟಾಫೀಸಿತ್ತು.

"ಅದರ ಹಿಂದೆ," ಎಂದರು. "ಅಜ್ಜನ ಕಾಲದ್ದು. ಆದರೆ ಈ ವರ್ಷದ್ದು ಮುಗಿದುಹೋಯ್ತು ಅಂತ ಹೇಳಿ."

ಅಷ್ಟರಲ್ಲಿ ಆಕೆ ತಾನೇ ನೆಲಮಾಳಿಗೆಗೆ ಇಳಿದು, ಪೀಪಾಯಿಗಳನ್ನು ಒಂದೊಂದಾಗಿ ಮೂಸುತ್ತಾ ಮೂರನೆಯದರ ಮುಂದೆ ನಿಂತಿದ್ದಳು. ಅದರ ಮೇಲೆ ಎರಡೂ ಕೈಯಿಟ್ಟು ಅತ್ತೆ ಕಾವಲು ಕೂತಿದ್ದರು.

"ಇದೇನಾ ಅಮ್ಮಾ, ಚಿನ್ನದ ಪದಕದ್ದು?" ಎಂದು ಅಧಿಕಾರಿ ವಿನಯದಿಂದ ಕೇಳಿದರು.

"ಇದಾ? ಇದು ನಲ್ಲಿ ತಿಕ್ಕೋದಕ್ಕೆ."

ಅಧಿಕಾರಿಯ ಪೆನ್ನು ನಿಂತಿತು. ಅತ್ತೆಗೆ ಕೇಳುವವರು ಸಿಕ್ಕಿದ್ದೇ ಸಾಕಾಗಿತ್ತು; ಮೇಷ್ಟ್ರ ಬಾಟಲಿ, ಕಿರಿಯ ಅಳಿಯನ ಬಾಟಲಿ, ಬೀದಿಯ ಎಲ್ಲರ ಬಾಟಲಿ, ಹುಳಿಯಾಗದ ಹಠಮಾರಿ ಪೀಪಾಯಿ, ಎಲ್ಲ ಕಥೆಯೂ ಹೊರಬಂತು. ಅಧಿಕಾರಿ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತು, ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಾ, ಅದನ್ನೆಲ್ಲ ಆಕೆಗೆ ಹೇಳಿದರು. ಆಕೆ ಮೇಲೆ ಹತ್ತಿ ಅಡುಗೆಮನೆಗೆ ಹೋಗಿ, ಮಂಕಾಗಿದ್ದ ನಲ್ಲಿಯನ್ನು ಬಗ್ಗಿ ನೋಡಿ, ಕೆಳಗೆ ಬಂದು, ಪೀಪಾಯಿಯಿಂದ ಒಂದು ಗುಟುಕು ಕುಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮತ್ತೆ ಮಾಡೋಕಾಗುತ್ತಾ ಅಂತ ಕೇಳ್ತಿದಾರೆ," ಎಂದರು ಅಧಿಕಾರಿ. "ಮುಂದಿನ ತಿಂಗಳು ಬರ್ತಾರಂತೆ, ಇದೇ ರುಚಿ ಬೇಕಂತೆ. ಆದರೆ ರಾಯರೇ, ಇದು ನಿಮ್ಮೊಬ್ಬರ ವೈನಲ್ಲ. ಸ್ಪರ್ಧೆಯವರಿಗೆ ನಾನು ಹೇಳಲೇಬೇಕು. ಯಾರ್ಯಾರದು ಸೇರಿದೆಯೋ ಅವರೆಲ್ಲ ಒಪ್ಪಿ ತಮ್ಮ ಹೆಸರು ಕೊಡಬೇಕು. ಇಲ್ಲಾಂದ್ರೆ ಪದಕವೂ ಹೋಯ್ತು, ಈಕೆಯೂ ಹೋದರು."

ಆ ಸಂಜೆ ಮೂಗುರಾಯರು ಬಳ್ಳಿಗಳ ನಡುವೆ ಒಬ್ಬರೇ ಕೂತರು. ನಾಚಿಕೆಯಾಗಿತ್ತು. ಇಷ್ಟು ವರ್ಷ ಯಾರ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರೋ ಅವರ ಬಾಗಿಲಿಗೇ ಹೋಗಬೇಕು. ಹೋಗದಿದ್ದರೆ ಈ ಬಳ್ಳಿಗಳ ಜಾಗದಲ್ಲಿ ಬಚ್ಚಲುಮನೆಯ ಟೈಲ್ಸು. ಕತ್ತಲಾಗುವ ಮುಂಚೆ ಎದ್ದು, ಮೇಷ್ಟ್ರ ಬಾಗಿಲು ತಟ್ಟಿದರು.

ಬೈಗುಳಕ್ಕೆ ಸಿದ್ಧರಾಗಿ ಹೋಗಿದ್ದವರಿಗೆ ಆಶ್ಚರ್ಯ ಕಾದಿತ್ತು. ಬೀದಿಗೆ ಬೀದಿಯೇ ಖುಷಿಪಟ್ಟಿತು. "ನನಗೆ ಅವತ್ತೇ ಅನ್ನಿಸಿತ್ತು, ಆ ವೈನಿನ ಜೀವಾಳ ನನ್ನದೇ ಅಂತ," ಎಂದರು ಮೇಷ್ಟ್ರು. "ಜೀವಾಳ ನಿಮ್ಮದಿರಬಹುದು ಮೇಷ್ಟ್ರೇ, ಬಣ್ಣ ನಂದು," ಎಂದ ಷಡ್ಡಕ. ಭಾನುವಾರ ಎಲ್ಲರೂ ತಮ್ಮ ತಮ್ಮ ಅತ್ಯುತ್ತಮ ವೈನನ್ನು ಹೊತ್ತು ತಂದರು. ಷಡ್ಡಕ ಎಲ್ಲರಿಗಿಂತ ಒಂದು ಅಳತೆ ದೊಡ್ಡ ಪಾತ್ರೆಯಲ್ಲಿ ತಂದ. ಅಂಗಳದಲ್ಲಿ ಒಂದು ಪೀಪಾಯಿ ನಿಲ್ಲಿಸಿ ಎಲ್ಲವನ್ನೂ ಸುರಿದರು. ಕಲಸಿದರು. ಅಧಿಕಾರಿ ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು, ಬಹಳ ಮರ್ಯಾದೆಯಿಂದ ಹೂಕುಂಡದ ಕಡೆ ನಡೆದರು.

ಒಬ್ಬೊಬ್ಬರದೂ ಬೇರೆಯಾಗಿದ್ದಾಗ ಚೆನ್ನಾಗಿಯೇ ಇತ್ತು. ಕೂಡಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುವ ಸಭೆಯಾಗಿತ್ತು. ಅತ್ತೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದರು.

"ಇದು ಬೇಡ. ನಮ್ಮನೆಗೆ ತರ್ತಿದ್ರಲ್ಲ, ಅದನ್ನ ತನ್ನಿ."

"ಅದೇ ಅಲ್ವಾ ಅಮ್ಮಾ ಇದು," ಎಂದರು ಮೇಷ್ಟ್ರು, ಎಲ್ಲೋ ನೋಡುತ್ತಾ.

"ಅಲ್ಲ. ನೀವು ತರ್ತಿದ್ದದ್ದು ನೀರು ನೀರಾಗಿತ್ತು. ಕಿರೀ ಅಳಿಯಂದಿರದು ನಾಲಿಗೆ ಜುಂ ಅನ್ನೋ ಹುಳಿ. ಎದುರುಮನೆಯವರದು ಪಾನಕದ ಹಾಗೆ ಸಿಹಿ. ಸುರಿದವಳು ನಾನು, ನನಗೆ ಗೊತ್ತಿಲ್ವಾ?"

ಈಗ ಬೀದಿಯ ಸ್ಥಿತಿ ನೋಡಬೇಕಿತ್ತು. ಒಬ್ಬೊಬ್ಬರೂ ತಮ್ಮ ಚಪ್ಪಲಿಯನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು. ವಿಷಯ ಎಲ್ಲರಿಗೂ ಗೊತ್ತಿತ್ತು, ಹೇಳುವವರು ಇರಲಿಲ್ಲ. ವಿಶೇಷವಾಗಿ ಎತ್ತಿಟ್ಟದ್ದು ಎಂದು ಕೊಡುತ್ತಿದ್ದದ್ದು ಟ್ಯಾಂಕರಿನವನೂ ಬೇಡ ಎಂದದ್ದು. ಆದರೆ ನೆರೆಯವರ ಎದುರಿಗೆ, ಅದೂ ಸರ್ಕಾರಿ ಅಧಿಕಾರಿ ಹೂಕುಂಡದ ಪಕ್ಕ ನಿಂತಿರುವಾಗ, ಯಾರು ಬಾಯಿ ಬಿಡುತ್ತಾರೆ? ಹೆಂಡತಿ ಗೋಡೆಯಾಚೆಯ ಬಳ್ಳಿಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಮೂಗುರಾಯರು ಷಡ್ಡಕನ ಮುಂದೆ ಬಂದು ನಿಂತರು.

"ನಿಮ್ಮನೆಗೆ ಹೊಸ ಫ್ರಿಜ್ಜು ಬಂದಾಗ ಒಂದು ಬಾಟಲಿ ತಂದುಕೊಟ್ಟೆನಲ್ಲಪ್ಪ, ವಿಶೇಷ ಅಂತ."

"ಹೌದು ಭಾವ."

"ಅದು ಪೀಪಾಯಿ ತಳದ್ದು. ನಾಯಿ ಮೂಸಲಿಲ್ಲ."

ಷಡ್ಡಕ ತನ್ನ ಖಾಲಿ ಪಾತ್ರೆಯನ್ನು ಕೆಳಗಿಟ್ಟ. "ಗೊತ್ತು ಭಾವ. ಅದರಲ್ಲಿ ನಾವು ಕಿಟಕಿ ಸರಳು ತಿಕ್ಕಿದ್ವಿ. ಚೆನ್ನಾಗಿ ಹೊಳೀತು." ಮತ್ತೆ ತಡೆದು, "ನಾನು ನಿಮಗೆ ಕೊಟ್ಟದ್ದೂ ಅಂಥದ್ದೇ. ಪದಕ ಬಂದಾಗ ಕೊಟ್ಟದ್ದು ಇನ್ನೂ ಕೆಟ್ಟದ್ದು," ಎಂದ.

ಕಟ್ಟೆ ಒಡೆದ ಮೇಲೆ ನೀರಿಗೆ ತಡೆಯೆಲ್ಲಿ? "ನಂದು ನೀರು ಬೆರೆಸಿದ್ದು," ಎಂದರು ಮೇಷ್ಟ್ರು. "ವಿದ್ಯಾರ್ಥಿಗಳಿಗೆ ಜೀವನಪೂರ್ತಿ ಪ್ರಾಮಾಣಿಕತೆ ಪಾಠ ಮಾಡಿದೀನಿ, ಮನೆಗೆ ಬಂದು ಬಾಟಲಿಗೆ ನೀರು ಹಾಕಿದೀನಿ." ಎದುರುಮನೆಯವರು ಸಕ್ಕರೆ ಸುರಿದಿದ್ದನ್ನು ಒಪ್ಪಿಕೊಂಡರು. ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾ ಹೋದರು, ಕೊನೆಕೊನೆಗೆ ಯಾರದು ಹೆಚ್ಚು ಕೆಟ್ಟದ್ದು ಎಂದು ಪೈಪೋಟಿಯೇ ಶುರುವಾಯಿತು. ಅದರಲ್ಲೂ ಷಡ್ಡಕ ಒಂದು ಅಳತೆ ಮುಂದಿದ್ದ. ನಗು ಬೀದಿಯ ತುದಿಗೆ ಕೇಳಿಸುತ್ತಿತ್ತು. ನೀರು ಮಾತ್ರ ಇನ್ನು ಮುಂದೆ ಬೇಡ ಎಂದು ಅಧಿಕಾರಿ ತಾಕೀತು ಮಾಡಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಮೊದಲ ಪೀಪಾಯಿಯನ್ನು ಮೂಲೆಗೆ ತಳ್ಳಿ, ಬೀದಿಯವರೆಲ್ಲ ಮನೆಯಿಂದ ತಮ್ಮ ಆ ಕೆಟ್ಟ ವೈನನ್ನೇ ತಂದರು; ಅತ್ತೆ ಅಳತೆ ಹೇಳಿದರು, ಇವರು ಹೊಸ ಪೀಪಾಯಿಗೆ ಸುರಿದರು. ಹುಳಿಗೆ ಸಿಹಿ ಸೇರಿತು, ತೆಳುವಿಗೆ ಗಟ್ಟಿ ಸೇರಿತು. ಒಬ್ಬರ ಕೊರತೆಯೊಳಗೆ ಇನ್ನೊಬ್ಬರ ಅತಿ ಸುಮ್ಮನೆ ಹೋಗಿ ಕೂತಿತು. ಅತ್ತೆ ರುಚಿ ನೋಡಿ ತಲೆ ಕೊಡವಿದರು.

"ಇನ್ನೂ ಒಂದು ಬೇಕು. ಅಳಿಯಂದಿರೇ, ನಿಮ್ಮ ಆ ಹೆಮ್ಮೆ ಪೀಪಾಯಿ ತನ್ನಿ."

"ನಂದಾ?" ಮೂಗುರಾಯರಿಗೆ ನಂಬಿಕೆಯಾಗಲಿಲ್ಲ. "ನಂದೂ ಅದರಲ್ಲಿತ್ತಾ ಅತ್ತೆ?"

"ಅರ್ಧಕ್ಕರ್ಧ ನಿಮ್ಮದೇ. ಬಂದವರಿಗೆಲ್ಲ ಬಿಚ್ಚಿ ಕೊಡ್ತಿದ್ರಿ, ಯಾರೂ ಎರಡನೇ ಲೋಟ ಕೇಳ್ತಿರಲಿಲ್ಲ. ಉಳಿದದ್ದನ್ನ ನಾನು ಚೆಲ್ಲೋಕಾಗುತ್ತಾ?"

ಮೂಗುರಾಯರು ಮೊದಲ ವಾಕ್ಯವನ್ನು ಹೃದಯದಲ್ಲಿಟ್ಟುಕೊಂಡರು. ಉಳಿದದ್ದನ್ನು ಅತ್ತೆಗೆ ವಯಸ್ಸಾಯಿತು ಎಂದು ಕ್ಷಮಿಸಿಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಪೀಪಾಯಿಯನ್ನು ಅವರೊಬ್ಬರೇ ಮೆಟ್ಟಿಲು ಹತ್ತಿಸಿ ತಂದರು.

ಮುಂದಿನ ತಿಂಗಳು ಕಡಲಾಚೆಯ ವ್ಯಾಪಾರಿ ಬಂದಳು, ಕುಡಿದಳು, ತಲೆಯಾಡಿಸಿದಳು. ಸ್ಪರ್ಧೆಯವರು ಪದಕವನ್ನು ಬೀದಿಯ ಹೆಸರಿಗೆ ಬದಲಾಯಿಸಿದರು. ಬಾಟಲಿಯ ಮೇಲಿನ ಚೀಟಿಯಲ್ಲಿ ಇಡೀ ಬೀದಿಯ ಹೆಸರುಗಳು ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿವೆ, ಅದರ ಮೇಲೆ ಒಂದು ನಲ್ಲಿಯ ಚಿತ್ರ, ಪಕ್ಕದಲ್ಲಿ ಗುಂಡನೆ ಚಿನ್ನದ ಮುದ್ರೆ. ತಮ್ಮ ಹೆಸರು ಎಲ್ಲಿದೆಯೆಂದು ತೋರಿಸಲು ಮೂಗುರಾಯರು ಜೇಬಿನಲ್ಲಿ ಭೂತಕನ್ನಡಿ ಇಟ್ಟುಕೊಂಡೇ ಓಡಾಡುತ್ತಾರೆ. ಟ್ಯಾಂಕರು ಈ ವರ್ಷ ಬೀದಿಗೆ ಬಂದು ಖಾಲಿ ಹೋಯಿತು, ಟೈಲ್ಸಿನವರು ಮೂರನೇ ಸಲ ಅಳತೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಒಂದು ಬಾಟಲಿ ಕೊಟ್ಟು ಕಳಿಸಿದಳು.

ಅತ್ತೆಗೆ ಮಾತ್ರ ಸ್ವಲ್ಪ ದಿನ ಚಿಂತೆಯಿತ್ತು, ಇನ್ನು ನಲ್ಲಿ ಯಾವುದರಲ್ಲಿ ತಿಕ್ಕುವುದು ಎಂದು. ಆಮೇಲೆ ಅಂಗಳದ ಮೂಲೆಯಲ್ಲಿ ಎಲ್ಲರೂ ಮರೆತಿದ್ದ ಆ ಇನ್ನೊಂದು ಪೀಪಾಯಿ ನೆನಪಾಯಿತು, ಬೀದಿಯವರೆಲ್ಲ ತಮ್ಮ ಅತ್ಯುತ್ತಮ ವೈನನ್ನು ತಂದು ಸುರಿದಿದ್ದು. ಮುಚ್ಚಳ ತೆಗೆದು ನೋಡಿದರೆ, ಅವರು ವರ್ಷಗಟ್ಟಲೆ ಕಾದಿದ್ದ ಹುಳಿ ಅದರಲ್ಲಿ ತಾನಾಗಿಯೇ ಬಂದಿತ್ತು. ಈಗ ಆ ಮನೆಯ ನಲ್ಲಿಗಳು ಪದಕಕ್ಕಿಂತ ಚೆನ್ನಾಗಿ ಹೊಳೆಯುತ್ತವೆ.